ಗಾಲ್ಫಿನ ಕಟ್ಟಲೆ, ಕ್ಲಬ್ಬಿನ ಕಟ್ಟುಪಾಡು

ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಹೆಬ್ಬಾಳದಿಂದ ಬಳ್ಳಾರಿ ರಸ್ತೆ ಹಿಡಿದು, ಮೇಖ್ರಿ ಸರ್ಕಲ್ ದಾಟಿ, ಅರಮನೆ ಮೈದಾನದ ಗೋಡೆ ಪಕ್ಕದಲ್ಲೇ ಬಂದು ಸ್ಯಾಂಕಿ ರಸ್ತೆಗೆ ಇಳಿದರೆ ಹೈಗ್ರೌಂಡ್ಸಿನಲ್ಲಿ ಬೇಲಿಯಾಚೆ ಹಸಿರು ಸಿಗುತ್ತದಲ್ಲ, ಅದೇ. ಬ್ರಿಟಿಷ್ ದ್ವೀಪಗಳ ಹೊರಗೆ ಇರುವ ತೀರಾ ಹಳೆಯ ಗಾಲ್ಫ್ ಕ್ಲಬ್ಬುಗಳಲ್ಲಿ ಅದೂ ಒಂದು. ಕಲ್ಕತ್ತದ್ದು ಇನ್ನೂ ಹಳೆಯದು, 1829ರದು. ಆಗ ಮೈಸೂರು ಸೀಮೆಯಲ್ಲಿ ರಾಜರ ಆಳ್ವಿಕೆ ಇರಲಿಲ್ಲ. ಕಮಿಷನರುಗಳ ಆಳ್ವಿಕೆ. ದಂಡು ಪ್ರದೇಶದ ದೊರೆಗಳಿಗೆ ಸಂಜೆ ಹೊತ್ತು ಕಳೆಯಬೇಕಿತ್ತು, ಅವರ ಊರಿನ ಆಟವನ್ನು ಜೊತೆಗೆ ತಂದರು.

ಅದೇ 1876ಕ್ಕೆ ನಮ್ಮ ಮುದುಕರ ಬಾಯಲ್ಲಿ ಬೇರೆ ಹೆಸರಿತ್ತು. ಧಾತು ಸಂವತ್ಸರ. ಧಾತು-ಈಶ್ವರದ ಬರ ಅಂದರೆ ಹಳ್ಳಿಗಳಲ್ಲಿ ಇವತ್ತಿಗೂ ಕೆಲವರಿಗೆ ಗೊತ್ತು. 1871ರ ಜನಗಣತಿಯಲ್ಲಿ ಮೈಸೂರು ಸೀಮೆಯ ಜನ 50 ಲಕ್ಷ ಚಿಲ್ಲರೆ. ಹತ್ತು ವರ್ಷ ಬಿಟ್ಟು 1881ರಲ್ಲಿ ಎಣಿಸಿದರೆ 42 ಲಕ್ಷವೂ ಇಲ್ಲ. ಸತ್ತವರಲ್ಲಿ ಹೆಚ್ಚಿನವರು ಯಾವ ಕೇರಿಯವರು ಎಂದು ಬಿಡಿಸಿ ಹೇಳಬೇಕೆ? ಸ್ವಂತಕ್ಕೆ ಒಂದು ಗುಂಟೆ ಇಲ್ಲದವರು, ಗೌಡನ ಕಣದಲ್ಲಿ ಕೈಯೊಡ್ಡಿ ನಿಂತವರು, ಬಾವಿಯಿಂದ ದೂರ ನಿಂತು ನೀರು ಹೊಯ್ಯಿಸಿಕೊಳ್ಳುತ್ತಿದ್ದವರು. ಬರಕ್ಕೆ ಗಾಲ್ಫು ಕಾರಣ ಎಂದು ನಾನು ಹೇಳುತ್ತಿಲ್ಲ. ಒಂದೇ ಊರಿಗೆ ಒಂದೇ ವರ್ಷ ಎರಡು ಚರಿತ್ರೆ ಇದ್ದವು ಅಂತ ಮಾತ್ರ ಹೇಳುತ್ತಿದ್ದೇನೆ.

ಇಷ್ಟಕ್ಕೂ ಈ ಪತ್ರಿಕೆಯಲ್ಲಿ ಗಾಲ್ಫ್ ಯಾಕೆ ಬಂತು ಅಂತ ಗೆಳೆಯರು ಕೇಳಬಹುದು. ಕಾರಣ ನಮ್ಮ ಮನೆಯಲ್ಲೇ ಇದೆ. ನಮ್ಮ ದೊಡ್ಡಪ್ಪನ ಮಗ, ನಾನು ಅಣ್ಣ ಅಂತೀನಿ, ಇಪ್ಪತ್ತೆರಡು ವರ್ಷದಿಂದ ಕ್ಯಾಡಿ. ಯಾವ ಕ್ಲಬ್ಬು ಅನ್ನೋದು ಬೇಡ, ಮೇಲೆ ಹೇಳಿದ್ದಲ್ಲ. ಕ್ಯಾಡಿ ಅಂದರೆ ಆಡುವವರ ಚೀಲ ಹೊರುವವನು. ಹದಿನಾಲ್ಕು ಕೋಲು, ಚೆಂಡು, ಛತ್ರಿ, ನೀರು ಎಲ್ಲ ಸೇರಿ ಹತ್ತು ಹನ್ನೆರಡು ಕಿಲೋ. ಹದಿನೆಂಟು ಕುಳಿ ಮುಗಿಯುವ ಹೊತ್ತಿಗೆ ಏಳೆಂಟು ಕಿಲೋಮೀಟರು ನಡಿಗೆ, ನಾಲ್ಕು ಗಂಟೆ ಮೇಲಾಗುತ್ತದೆ. ಅಣ್ಣನಿಗೆ ಹದಿನೇಳು ವರ್ಷದ ಮಗ. ಸೋಮವಾರ ಮೆಂಬರುಗಳಿಗೆ ಆಟ ಇಲ್ಲದ ದಿನ ಕ್ಯಾಡಿಗಳನ್ನು ಆಡಲು ಬಿಡುತ್ತಾರೆ. ಯಾರೋ ಬಿಸಾಕಿದ ಕೋಲಲ್ಲಿ ಹುಡುಗ ಹಾಗೇ ಕಲಿತ. ಈಗ ಒಂದು ಕ್ಲಬ್ಬಿನ ಸ್ಪರ್ಧೆಗೆ ಹೆಸರು ಕೊಟ್ಟಿದ್ದಾನೆ. ಅವನ ಮೊದಲ ಸ್ಪರ್ಧೆ. ನಿಯಮದ ಪುಸ್ತಕ ಇಂಗ್ಲಿಷಿನಲ್ಲಿದೆ. ಮನೆಯಲ್ಲಿ ಡಿಗ್ರಿ ಮಾಡಿದವನು ನಾನೊಬ್ಬನೇ. ‘ಓದಿ ಹೇಳು ಚಿಕ್ಕಪ್ಪ’ ಅಂದ. ಕೊಡಿಗೇಹಳ್ಳಿಯ ನಮ್ಮ ಮನೆಯಲ್ಲಿ ನಾಲ್ಕು ರಾತ್ರಿ ಕೂತು ಓದಿ ಹೇಳಿದೆ. ಅಣ್ಣ ಗೋಡೆಗೆ ಒರಗಿ ಬೀಡಿ ಸೇದುತ್ತ ಕೇಳಿಸಿಕೊಂಡ. ಅವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೆ ನಾನು ಅರ್ಧ ವಾಕ್ಯ ಓದುವುದರೊಳಗೆ ಉಳಿದರ್ಧವನ್ನು ಅವನೇ ಹೇಳುತ್ತಿದ್ದ.

ಈ ಪುಸ್ತಕದ ಹುಟ್ಟಿನ ಕಥೆ ಚೆನ್ನಾಗಿದೆ. ಅದು ಹುಟ್ಟಿದ್ದೇ ಒಂದು ಮೊದಲ ಸ್ಪರ್ಧೆಗಾಗಿ. ಸ್ಕಾಟ್ಲೆಂಡಿನ ಎಡಿನ್‌ಬರೋ ಪಕ್ಕದ ಲೀತ್ ಎಂಬ ಬಂದರಿನಲ್ಲಿ ಕೆಲವರು ಗಾಲ್ಫ್ ಆಡುತ್ತಿದ್ದರು. 1744ರಲ್ಲಿ ಊರಿನ ನಗರಸಭೆ ಬೆಳ್ಳಿಯ ಕೋಲೊಂದನ್ನು ಬಹುಮಾನವಾಗಿ ಕೊಟ್ಟಿತು. ಗೆಳೆಗೆಳೆಯರು ಆಡುವಾಗ ಕಟ್ಟಲೆ ಬೇಕಿಲ್ಲ, ಜಗಳ ಆದರೆ ಕೂಗಾಡಿ ಸರಿ ಮಾಡಿಕೊಳ್ಳಬಹುದು. ಬೆಳ್ಳಿ ಬಂದ ಮೇಲೆ ಬರೆಯಲೇಬೇಕಾಯಿತು. ಹದಿಮೂರು ಕಟ್ಟಲೆ ಬರೆದರು. ಗೆದ್ದವನು ಜಾನ್ ರಾಟ್ರೇ ಎಂಬ ವೈದ್ಯ. ನಮಗೆ ಗೊತ್ತಿರುವ ಮಟ್ಟಿಗೆ ಗಾಲ್ಫಿನ ಮೊದಲ ಲಿಖಿತ ನಿಯಮ ಅವೇ.

ಆ ಹದಿಮೂರನ್ನು ಓದಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಚೆಂಡು ಎಲ್ಲಿಡಬೇಕು, ನೀರಿನಲ್ಲೋ ಗಲೀಜಿನಲ್ಲೋ ಬಿದ್ದರೆ ತೆಗೆದು ಒಂದು ಹೊಡೆತ ಬಿಟ್ಟುಕೊಟ್ಟು ಹೇಗೆ ಆಡಬೇಕು, ಮನುಷ್ಯನಿಗೋ ಕುದುರೆಗೋ ನಾಯಿಗೋ ತಗುಲಿ ನಿಂತರೆ ನಿಂತಲ್ಲಿಂದಲೇ ಆಡಬೇಕು, ಇಂಥವೇ. ಬಟ್ಟೆಯ ಬಗ್ಗೆ ಒಂದು ಮಾತಿಲ್ಲ. ಹುಟ್ಟಿನ ಬಗ್ಗೆ ಇಲ್ಲ. ಯಾರು ಎಲ್ಲಿ ಕೂತು ಕಾಫಿ ಕುಡಿಯಬೇಕು ಎಂಬುದಿಲ್ಲ. ನಾಯಿ, ಕುದುರೆಯ ಹೆಸರು ಯಾಕೆ ಬಂತು? ಆ ಜಾಗ ಯಾರ ಸ್ವಂತದ್ದೂ ಅಲ್ಲ, ಅದಕ್ಕೆ. ಸಮುದ್ರದ ದಂಡೆಯ ಮರಳುನೆಲ, ಉಳುಮೆಗೆ ಬಾರದ ನೆಲ. ಊರ ದನ ಮೇಯುತ್ತಿದ್ದವು, ಹೆಂಗಸರು ಬಟ್ಟೆ ಒಣಹಾಕುತ್ತಿದ್ದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಗೋಮಾಳ. ಗಾಲ್ಫಿನ ತವರು ಎಂದು ಕರೆಯುವ ಸೇಂಟ್ ಆಂಡ್ರ್ಯೂಸಿನ ಹಳೆಯ ಮೈದಾನ ಇವತ್ತಿಗೂ ಸಾರ್ವಜನಿಕ ಆಸ್ತಿ. 1974ರಲ್ಲಿ ಅದಕ್ಕೆಂದೇ ಪಾರ್ಲಿಮೆಂಟು ಕಾನೂನು ಮಾಡಿ ಒಂದು ಟ್ರಸ್ಟಿಗೆ ನೋಡಿಕೊಳ್ಳಲು ಕೊಟ್ಟಿದೆ. ಆಡಲು ಲಾಟರಿಯಲ್ಲಿ ಹೆಸರು ಹಾಕಬಹುದು. ಭಾನುವಾರ ಸಾಮಾನ್ಯವಾಗಿ ಆಟವೇ ಇಲ್ಲ, ಊರ ಜನ ಮಕ್ಕಳು ಮರಿ ನಾಯಿ ಕಟ್ಟಿಕೊಂಡು ಅದರ ಮೇಲೆ ತಿರುಗಾಡುತ್ತಾರೆ.

ತವರಿನಲ್ಲಿ ಗೋಮಾಳ, ನಮ್ಮಲ್ಲಿ ಕಾಂಪೌಂಡು. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಯಲಹಂಕದಾಚೆ ನಂದಿಬೆಟ್ಟದ ದಾರಿಯಲ್ಲೂ ಗಾಲ್ಫ್ ಬಂತು, ಸುತ್ತ ಬಂಗಲೆಗಳೂ ಬಂದವು. ಆಟ ಕಡಲು ದಾಟುವಾಗ ಹದಿಮೂರು ಕಟ್ಟಲೆ ಬಂದವು, ಗೋಮಾಳ ಮಾತ್ರ ಅಲ್ಲೇ ಉಳಿಯಿತು.

ಈಗಿನ ಪುಸ್ತಕಕ್ಕೆ ಬರೋಣ. 2019ರಲ್ಲಿ ಅದನ್ನು ಪೂರಾ ತಿದ್ದಿ ಬರೆದರು, 2023ರಲ್ಲಿ ಇನ್ನಷ್ಟು ತಿದ್ದಿದರು. ಮೊದಲು ಪುಸ್ತಕದ ಬಾಗಿಲಲ್ಲೇ ‘ಎಟಿಕೆಟ್’ ಎಂಬ ಬೇರೆ ಅಧ್ಯಾಯ ಇತ್ತು. 2019ರಲ್ಲಿ ಅದನ್ನು ತೆಗೆದು ಆಟಗಾರನ ನಡತೆಯ ಮಾತನ್ನು ಮೊದಲ ನಿಯಮದೊಳಕ್ಕೇ ಸೇರಿಸಿದರು. ಸುಳ್ಳು ಹೇಳಬೇಡ, ಬೇರೆಯವರಿಗೆ ತೊಂದರೆ ಕೊಡಬೇಡ, ನೆಲವನ್ನು ಜೋಪಾನ ಮಾಡು. ತಿರುಳು ಇಷ್ಟೇ.

ಮೊದಲ ಸಲ ಹೋಗುವವನಿಗೆ ಏನು ಬೇಕು? ಹೊತ್ತಿಗೆ ಮುಂಚೆ ಹೋಗಬೇಕು. ಕರೆದ ಹೊತ್ತಿಗೆ ಐದು ನಿಮಿಷದೊಳಗೆ ತಡವಾದರೆ ಎರಡು ಹೊಡೆತದ ದಂಡ, ಐದು ದಾಟಿದರೆ ಸ್ಪರ್ಧೆಯಿಂದಲೇ ಹೊರಗೆ. ಹೆಬ್ಬಾಳದ ಮೇಲ್ಸೇತುವೆಯ ಟ್ರಾಫಿಕ್ಕು ಅಲ್ಲಿ ನೆಪವಾಗುವುದಿಲ್ಲ. ಚೀಲದಲ್ಲಿ ಹದಿನಾಲ್ಕಕ್ಕಿಂತ ಹೆಚ್ಚು ಕೋಲು ಇರಬಾರದು. ನಮ್ಮ ಹುಡುಗನ ಹತ್ತಿರ ಇರುವುದೇ ಒಂಬತ್ತು, ಅದರ ಚಿಂತೆ ಇಲ್ಲ. ಚೆಂಡಿನ ಮೇಲೆ ಇಂಕಿನಲ್ಲಿ ಗುರುತು ಹಾಕಿಕೊಳ್ಳಬೇಕು, ಯಾಕೆಂದರೆ ಇನ್ನೊಬ್ಬರ ಚೆಂಡು ಹೊಡೆದರೆ ಎರಡು ಹೊಡೆತ ದಂಡ. ಚೆಂಡು ಕಳೆದರೆ ಹುಡುಕಲು ಮೂರೇ ನಿಮಿಷ. ಮೊದಲು ಐದಿತ್ತು. ಕಳೆದಿರಬಹುದು ಅನ್ನಿಸಿದರೆ ಇನ್ನೊಂದು ಚೆಂಡು ಹೊಡೆಯಬಹುದು, ಆದರೆ ಇದು ‘ಪ್ರೊವಿಜನಲ್’ ಅಂತ ಬಾಯಿಬಿಟ್ಟು ಹೇಳಿ ಹೊಡೆಯಬೇಕು. ಹೇಳದೆ ಹೊಡೆದರೆ ಅದೇ ಲೆಕ್ಕಕ್ಕೆ ಬರುತ್ತದೆ. ಯಾವ ಕೋಲಲ್ಲಿ ಹೊಡೆಯಲಿ ಅಂತ ಎದುರಾಳಿಯನ್ನು ಕೇಳಬಾರದು. ನಿನ್ನ ಕ್ಯಾಡಿಯನ್ನು ಮಾತ್ರ ಕೇಳಬಹುದು. ಮರಳುಗುಂಡಿಯಿಂದ ಹೊರಬಂದ ಮೇಲೆ ಹೆಜ್ಜೆ ಗುರುತನ್ನು ಕುಂಟೆಯಿಂದ ಎಳೆದು ಸರಿಮಾಡಬೇಕು. ಕಿತ್ತುಬಂದ ಹುಲ್ಲಿನ ಹೆಂಟೆಯನ್ನು ವಾಪಸು ಕೂರಿಸಬೇಕು. ‘ಅದನ್ನ ನಾವೇ ಅಲ್ವಾ ಮಾಡೋದು, ಸಾಹೇಬ್ರು ಎಲ್ಲಿ ಮಾಡ್ತಾರೆ’ ಅಂದ ಅಣ್ಣ.

ಆಮೇಲೆ ಹ್ಯಾಂಡಿಕ್ಯಾಪ್. ಇಲ್ಲಿ ಸ್ವಲ್ಪ ನಿಲ್ಲಬೇಕು ಗೆಳೆಯರೆ. ಕ್ಲಬ್ಬಿನ ಸ್ಪರ್ಧೆಗಳಲ್ಲಿ ಹೆಚ್ಚಿನವು ಇದರ ಮೇಲೇ ನಡೆಯುತ್ತವೆ. ಚೆನ್ನಾಗಿ ಆಡುವವನೂ ಸುಮಾರಾಗಿ ಆಡುವವನೂ ಒಟ್ಟಿಗೆ ನಿಂತರೆ ಗೆಲ್ಲುವವನು ಯಾರೆಂದು ಮೊದಲೇ ಗೊತ್ತಾಗಿಬಿಡುತ್ತದೆ. ಅದಕ್ಕೇ ಹಿಂದುಳಿದವನಿಗೆ ಇಷ್ಟು ಹೊಡೆತ ಅಂತ ಬಿಟ್ಟುಕೊಡುತ್ತಾರೆ. ಅವನು ಈವರೆಗೆ ಆಡಿದ ಲೆಕ್ಕ ನೋಡಿ ಅದನ್ನು ಗೊತ್ತುಮಾಡುತ್ತಾರೆ. ಯಾವ ಕುಳಿ ಹೆಚ್ಚು ಕಷ್ಟವೋ ಅಲ್ಲಿ ಮೊದಲು ಕೊಡುತ್ತಾರೆ. 2020ರಿಂದ ಇಡೀ ಲೋಕಕ್ಕೆ ಒಂದೇ ಪದ್ಧತಿ ಬಂದಿದೆ, ಗರಿಷ್ಠ 54ರ ತನಕ. ಚೆನ್ನಾಗಿ ಆಡತೊಡಗಿದರೆ ಇಳಿಸುತ್ತಾರೆ. ಇದನ್ನು ಯಾರೂ ಭಿಕ್ಷೆ ಅನ್ನುವುದಿಲ್ಲ. ಹ್ಯಾಂಡಿಕ್ಯಾಪಿನಿಂದ ಗೆದ್ದ ಕಪ್ಪನ್ನು ಷೋಕೇಸಿನಲ್ಲಿ ಇಟ್ಟು ದೀಪ ಹಾಕುತ್ತಾರೆ. ಬೆಳಿಗ್ಗೆ ಹದಿನೆಂಟು ಹೊಡೆತ ಮಾಫಿ ಪಡೆದು ಆಡಿ ಗೆದ್ದು, ಮಧ್ಯಾಹ್ನ ಕ್ಲಬ್ಬಿನ ಮೇಜಿನ ಮುಂದೆ ಕೂತು ಮೀಸಲಾತಿಯಿಂದ ಮೆರಿಟ್ ಹಾಳಾಯ್ತು ಎಂದು ಮರುಗುವವರನ್ನು ಅಣ್ಣ ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದಾನೆ. ಚೀಲ ಹೊತ್ತವನಿಗೆ ಕಿವಿ ಇಲ್ಲ ಅಂತ ಅವರು ತಿಳಿದಿದ್ದಾರೆ.

ಪುಸ್ತಕದಲ್ಲಿ ‘ಹಾನರ್’ ಅಂತ ಒಂದು ಪದ ಇದೆ. ಮೊದಲ ಮರ್ಯಾದೆ. ನಮ್ಮೂರ ಕಡೆ ಜಾತ್ರೆಯಲ್ಲಿ ಮೊದಲ ಮರ್ಯಾದೆ ಯಾರಿಗೆ ಅಂತ ಎಲ್ಲರಿಗೂ ಗೊತ್ತು, ಅವನು ಹುಟ್ಟಿದ ದಿನವೇ ತೀರ್ಮಾನ ಆಗಿರುತ್ತದೆ. ಅದಕ್ಕಾಗಿ ತಲೆಗಳು ಒಡೆದಿವೆ, ಗುಡಿಸಲುಗಳು ಉರಿದಿವೆ. ಗಾಲ್ಫಿನಲ್ಲಿ ಹಿಂದಿನ ಕುಳಿಯನ್ನು ಯಾರು ಕಡಿಮೆ ಹೊಡೆತದಲ್ಲಿ ಮುಗಿಸಿದನೋ ಮುಂದಿನದರಲ್ಲಿ ಅವನು ಮೊದಲು ಹೊಡೆಯುತ್ತಾನೆ. ಮರ್ಯಾದೆ ಕುಳಿಯಿಂದ ಕುಳಿಗೆ ಬದಲಾಗುತ್ತದೆ. ಈಗೀಗ ಹೊತ್ತು ಉಳಿಸಲು, ತಯಾರಾದವನು ಮೊದಲು ಹೊಡೆಯಲಿ ಅಂತಲೂ ಹೇಳುತ್ತಾರೆ.

ಇನ್ನೊಂದು, ನೆರಳು. ಒಬ್ಬ ಕುಳಿಗೆ ಗುರಿಯಿಡುವಾಗ ನಿನ್ನ ನೆರಳು ಅವನ ದಾರಿಯ ಮೇಲೆ ಬೀಳಬಾರದು. ಇದು ಹಳೆಯ ನಡಾವಳಿ. ಇದನ್ನು ಓದಿ ಹೇಳುವಾಗ ನನ್ನ ಬಾಯಿ ಒಂದು ಗಳಿಗೆ ಕಟ್ಟಿತು. ಪೇಶ್ವೆಗಳ ಪುಣೆಯಲ್ಲಿ ಬೆಳಿಗ್ಗೆ ಸಂಜೆ ನೆರಳು ಉದ್ದ ಬೀಳುತ್ತದೆ, ಮೇಲಿನವರ ಮೇಲೆ ಬಿದ್ದರೆ ಮೈಲಿಗೆ ಅಂತ ಆ ಹೊತ್ತಿನಲ್ಲಿ ನಮ್ಮ ಜನರನ್ನು ಊರೊಳಗೆ ಬಿಡುತ್ತಿರಲಿಲ್ಲ. ಗಾಲ್ಫ್ ಆಡುವುದೂ ಬೆಳಿಗ್ಗೆ ಸಂಜೆಯೇ. ಆದರೆ ಇಲ್ಲಿ ಯಾರ ನೆರಳಾದರೂ ತಪ್ಪೇ, ಮಂತ್ರಿಯದಾದರೂ, ಮಿಲ್ ಮಾಲೀಕನದಾದರೂ. ಕಣ್ಣಿಗೆ ಅಡ್ಡ ಅನ್ನುವುದು ಕಾರಣ, ಮೈಗೆ ಮೈಲಿಗೆ ಅನ್ನುವುದಲ್ಲ. ಹಾಗೇ ‘ಫೋರ್’ ಎಂಬ ಕೂಗು. ಚೆಂಡು ಜನರ ಕಡೆ ಹೋದರೆ ಗಂಟಲು ಹರಿಯುವಂತೆ ಕೂಗಬೇಕು, ಮುಂದಿದ್ದವರು ತಲೆ ಉಳಿಸಿಕೊಳ್ಳಲಿ ಅಂತ. ಮಲಬಾರಿನಲ್ಲಿ ನಮ್ಮಂಥವರು ದಾರಿಯಲ್ಲಿ ಕೂಗಿಕೊಂಡು ನಡೆಯಬೇಕಿತ್ತು, ಎದುರು ಬರುವ ದೊಡ್ಡವರು ಮಡಿ ಉಳಿಸಿಕೊಳ್ಳಲಿ ಅಂತ. ಇಲ್ಲಿ ಕೂಗಬೇಕಾದವನು ಕೋಲು ಹಿಡಿದವನು.

ಈಗ ಕ್ಯಾಡಿಯ ಮಾತು. ಆ ಪದ ಫ್ರೆಂಚಿನ ‘ಕಡೆ’ ಎಂಬುದರಿಂದ ಬಂತಂತೆ, ಮನೆಯ ಕಿರಿಮಗ ಎಂಬರ್ಥ. ಎಡಿನ್‌ಬರೋದಲ್ಲಿ ಕಾಗದ ಒಯ್ಯುವ, ಮೂಟೆ ಹೊರುವ ಬಡವರಿಗೆ ಆ ಹೆಸರು ಅಂಟಿತು, ಅಲ್ಲಿಂದ ಗಾಲ್ಫಿಗೆ. ಪುಸ್ತಕದ ಹತ್ತನೆಯ ನಿಯಮ ಅವನದು. ಆಟಗಾರನಿಗೆ ಒಂದು ಹೊತ್ತಿಗೆ ಒಬ್ಬನೇ ಕ್ಯಾಡಿ. ಅವನು ದೂರ ಹೇಳಬಹುದು, ಗಾಳಿ ಹೇಳಬಹುದು, ಕೋಲು ಆರಿಸಬಹುದು. ಆದರೆ ಆಟಗಾರ ಹೊಡೆಯಲು ನಿಂತಾಗ ಹಿಂದೆ ನಿಂತು ಗುರಿ ಸರಿಮಾಡಬಾರದು, ಇದು 2019ರಲ್ಲಿ ಬಂದದ್ದು. ಇದೆಲ್ಲಕ್ಕಿಂತ ದೊಡ್ಡದು ಒಂದಿದೆ. ಆಟದ ನಡುವೆ ಕ್ಯಾಡಿ ನಿಯಮ ಮುರಿದರೆ ದಂಡ ಬೀಳುವುದು ಕ್ಯಾಡಿಗಲ್ಲ, ಆಟಗಾರನಿಗೆ.

ಇದನ್ನು ಎರಡು ಸಲ ಓದಿ ಹೇಳಿದೆ. ಆಳು ತಪ್ಪು ಮಾಡಿದರೆ ದಂಡ ಒಡೆಯನಿಗೆ! ನಮ್ಮ ತಾತ ಜೀತಕ್ಕಿದ್ದವನು. ಒಡೆಯನ ಎತ್ತು ಯಾರದೋ ಹೊಲಕ್ಕೆ ನುಗ್ಗಿದರೆ ತಾತನಿಗೆ ಏಟು. 1976ರಲ್ಲಿ ಜೀತ ರದ್ದಾಯಿತು, ಅಂದರೆ ಗಾಲ್ಫ್ ಬೆಂಗಳೂರಿಗೆ ಬಂದು ಸರಿಯಾಗಿ ನೂರು ವರ್ಷಕ್ಕೆ. ಇದೇ ಬೆಂಗಳೂರಿನ ಇನ್ನೊಂದು ಹಳೆಯ ಕ್ಲಬ್ಬಿನಲ್ಲಿ 1899ರ ಲೆಡ್ಜರ್ ಪುಸ್ತಕ ಒಂದಿದೆ, ಚರ್ಚಿಲ್ ಎಂಬ ಪಡ್ಡೆ ದಂಡಾಧಿಕಾರಿ 13 ರೂಪಾಯಿ ಬಾಕಿ ಇಟ್ಟು ಹೋದದ್ದು ಅದರಲ್ಲಿದೆ, ವಸೂಲಾಗದ ಸಾಲ ಅಂತ. ಅದನ್ನು ಅಭಿಮಾನದಿಂದ ತೋರಿಸುತ್ತಾರೆ. 13 ರೂಪಾಯಿ ಬಾಕಿಗೆ ನಮ್ಮವರು ಎರಡು ತಲೆಮಾರು ದುಡಿದಿದ್ದಾರೆ. ಇರಲಿ. ಕ್ಯಾಡಿಯ ತಪ್ಪಿಗೆ ಆಟಗಾರ ಹೊಣೆ ಎಂಬ ಮಾತು ಕೇಳಿ ಅಣ್ಣ ನಕ್ಕ. ‘ಪುಸ್ತಕದಲ್ಲಿ ದಂಡ ಅವ್ರಿಗೆ ಕಣಪ್ಪ, ಬೈಗುಳ ನಮಗೆ’ ಅಂದ.

ಅಣ್ಣ ಹೇಳಿದ ಈ ಒಂದು ಮಾತಿನಲ್ಲಿ ಗಾಲ್ಫಿನ ಇಡೀ ಚರಿತ್ರೆ ಇದೆ. ಬರೆದ ಕಟ್ಟಲೆ ಒಂದು, ಬರೆಯದ ಕಟ್ಟುಪಾಡು ಇನ್ನೊಂದು. ಕಟ್ಟಲೆಗೆ ಜಾತಿ ಗೊತ್ತಿಲ್ಲ. ಕಟ್ಟುಪಾಡಿಗೆ ಬೇರೆ ಏನೂ ಗೊತ್ತಿಲ್ಲ.

ದಕ್ಷಿಣ ಆಫ್ರಿಕದ ಡರ್ಬನ್ನಿನ ಪಾಪ್ವಾ ಸೇವ್‌ಗೋಲಮ್ ಕಥೆ ನಮ್ಮ ಹುಡುಗರಿಗೆ ಗೊತ್ತಿರಬೇಕು. 1860ರಿಂದ ಮದರಾಸು, ಕಲ್ಕತ್ತಾ ಬಂದರುಗಳಿಂದ ಹಡಗು ಹಡಗು ಜನರನ್ನು ಕಬ್ಬಿನ ತೋಟದ ಕೂಲಿಗೆ ನಟಾಲಿಗೆ ಸಾಗಿಸಿದರಲ್ಲ, ಅಂಥವರ ವಂಶದವನು ಪಾಪ್ವಾ. ಶಾಲೆ ಕಂಡವನಲ್ಲ. ಕ್ಯಾಡಿ ಕೆಲಸ ಮಾಡುತ್ತ ತಾನೇ ಕಲಿತ. ಕಲಿಸುವವರು ಇಲ್ಲದ್ದರಿಂದ ಕೈ ಅದಲು ಬದಲಾಗಿ ಕೋಲು ಹಿಡಿಯುತ್ತಿದ್ದ. ಬಲಗೈ ಮೇಲೆ, ಎಡಗೈ ಕೆಳಗೆ. ಬಲಗೈ ಆಟಗಾರ ಹಾಗೆ ಹಿಡಿಯುವುದನ್ನು ಯಾವ ಮೇಷ್ಟ್ರೂ ಒಪ್ಪುವುದಿಲ್ಲ, ಯಾವ ನಿಯಮವೂ ಬೇಡವೆನ್ನುವುದಿಲ್ಲ. ಚೀಲ ಹೊರಿಸಿಕೊಂಡಿದ್ದ ಒಬ್ಬ ಬಿಳಿಯನೇ ಅವನನ್ನು ಯುರೋಪಿಗೆ ಕರೆದೊಯ್ದ. 1959ರಲ್ಲಿ ಡಚ್ ಓಪನ್ ಗೆದ್ದ, 1960ರಲ್ಲಿ ಮತ್ತೆ ಗೆದ್ದ, 1964ರಲ್ಲಿ ಇನ್ನೊಮ್ಮೆ. ತನ್ನ ಸ್ವಂತ ಊರಿನಲ್ಲಿ 1963ರಲ್ಲಿ ನಟಾಲ್ ಓಪನ್ ಗೆದ್ದ ದಿನ ಮಳೆ. ಬಿಳಿಯರು ಕ್ಲಬ್ಬಿನ ಒಳಗೆ. ವರ್ಣಭೇದದ ಕಟ್ಟುಪಾಡಿನ ಪ್ರಕಾರ ಇಂಡಿಯನ್ ಮನುಷ್ಯ ಒಳಗೆ ಹೋಗುವ ಹಾಗಿಲ್ಲ. ಗೆದ್ದವನಿಗೆ ಕಪ್ಪು ಕೊಟ್ಟದ್ದು ಹೊರಗೆ, ಸುರಿಯುವ ಮಳೆಯಲ್ಲಿ. ಆ ಫೋಟೋ ಲೋಕದ ಪತ್ರಿಕೆಗಳಲ್ಲೆಲ್ಲ ಬಂತು. 1965ರಲ್ಲಿ ಅದೇ ಸ್ಪರ್ಧೆಯಲ್ಲಿ ಗ್ಯಾರಿ ಪ್ಲೇಯರ್ ಎಂಬ ಜಗತ್ತಿನ ದೊಡ್ಡ ಆಟಗಾರನನ್ನು ಸೋಲಿಸಿದ. ಅದಾದ ಮೇಲೆ ಸರ್ಕಾರವೇ ಅವನಿಗೆ ಸ್ಪರ್ಧೆಗಳ ಬಾಗಿಲು ಮುಚ್ಚಿತು. 1978ರಲ್ಲಿ ಬಡವನಾಗಿಯೇ ಸತ್ತ.

ನೋಡಿ, ಆ ದಿನ ಮೈದಾನದಲ್ಲಿ ಪಾಪ್ವಾನ ಹೊಡೆತಗಳನ್ನು ಯಾರೂ ಕದಿಯಲಿಲ್ಲ. ಅವನ ಚೀಟಿಯಲ್ಲಿ ಬರೆದದ್ದು ಸರಿಯಾಗಿಯೇ ಇತ್ತು, ಎಣಿಸಿದವರು ಸರಿಯಾಗಿಯೇ ಎಣಿಸಿದರು. ಅನ್ಯಾಯ ಇದ್ದದ್ದು ಹದಿನೆಂಟನೆಯ ಕುಳಿಗೂ ಕ್ಲಬ್ಬಿನ ಬಾಗಿಲಿಗೂ ನಡುವೆ.

ಅಮೆರಿಕದ್ದೂ ಇದೇ ಕಥೆ. 1896ರಲ್ಲಿ ಅಲ್ಲಿನ ಓಪನ್ ಸ್ಪರ್ಧೆಗೆ ಜಾನ್ ಶಿಪ್ಪೆನ್ ಎಂಬ ಕರಿಯ ಹುಡುಗ, ಕ್ಯಾಡಿಯಾಗಿದ್ದವನು, ಮತ್ತು ಆಸ್ಕರ್ ಬನ್ ಎಂಬ ಮೂಲನಿವಾಸಿ ಹೆಸರು ಕೊಟ್ಟರು. ಇವರಿಬ್ಬರು ಆಡಿದರೆ ನಾವು ಆಡೋದಿಲ್ಲ ಅಂತ ಬಿಳಿಯರು ಕೂತರು. ಸಂಘದ ಅಧ್ಯಕ್ಷ ಹ್ಯಾವ್‌ಮೇಯರ್ ಹೇಳಿದ್ದು ಇಷ್ಟು: ಇಬ್ಬರೇ ಉಳಿದರೂ ಸ್ಪರ್ಧೆ ನಡೆಯುತ್ತದೆ. ಎಲ್ಲರೂ ತೆಪ್ಪಗೆ ಆಡಿದರು. ಅಲ್ಲಿಗೆ ಮುಗಿಯಿತೆ? ಇಲ್ಲ. 1934ರಲ್ಲಿ ವೃತ್ತಿಪರ ಆಟಗಾರರ ಸಂಘ ಬಿಳಿಯರಿಗೆ ಮಾತ್ರ ಸದಸ್ಯತ್ವ ಅಂತ ತನ್ನ ನಿಬಂಧನೆಯಲ್ಲೇ ಬರೆದುಕೊಂಡಿತು. 1961ರ ತನಕ ತೆಗೆಯಲಿಲ್ಲ. ಅಗಸ್ಟಾ ಎಂಬ ಅವರ ದೊಡ್ಡ ಕ್ಲಬ್ಬಿನಲ್ಲಿ ನಡೆಯುವ ಮಾಸ್ಟರ್ಸ್ ಸ್ಪರ್ಧೆಯಲ್ಲಿ 1982ರವರೆಗೂ ಕ್ಯಾಡಿಗಳೆಲ್ಲ ಕರಿಯರೇ. ಮೊದಲ ಕರಿಯ ಸದಸ್ಯ ಒಳಗೆ ಬಂದದ್ದು 1990ರಲ್ಲಿ. ಹೆಂಗಸರ ಪಾಡೂ ಇದೇ. ಸೇಂಟ್ ಆಂಡ್ರ್ಯೂಸಿನ ಹೆಸರಾಂತ ಕ್ಲಬ್ಬು ಹೆಂಗಸರನ್ನು ಸೇರಿಸಿಕೊಳ್ಳಲು ಒಪ್ಪಿದ್ದು 2014ರಲ್ಲಿ. ಆ ಹದಿಮೂರು ಕಟ್ಟಲೆ ಬರೆದವರ ಕ್ಲಬ್ಬು ಒಪ್ಪಿದ್ದು 2017ರಲ್ಲಿ.

ಕಪ್ಪು ಹೊರಗೆ ಕೊಡುವ ಪದ್ಧತಿಯನ್ನು ಡರ್ಬನ್ನಿನವರಿಂದ ನಾವು ಕಲಿಯಬೇಕಿರಲಿಲ್ಲ. ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ ಬಾಳೂ, ಚಮ್ಮಾರರ ಮಗ, ಪುಣೆಯ ಕ್ಲಬ್ಬಿನಲ್ಲಿ ನೆಲ ಹದ ಮಾಡುತ್ತ, ದೊರೆಗಳಿಗೆ ಬೌಲ್ ಮಾಡುತ್ತ ಕ್ರಿಕೆಟ್ ಕಲಿತವರು. ಅವರು ವಿಕೆಟ್ ಕಿತ್ತು ಹಿಂದೂ ತಂಡವನ್ನು ಗೆಲ್ಲಿಸಿದರು. ಟೀ ಹೊತ್ತಿಗೆ ತಂಡದವರು ಒಳಗೆ, ಬಾಳೂ ಹೊರಗೆ, ಕೈಯಲ್ಲಿ ಬೇರೆ ಮಣ್ಣಿನ ಲೋಟ. 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದು ಬಂದವರಿಗೆ ನಾಯಕತ್ವ ಕೊಡಲಿಲ್ಲ. (ಮುಂದೆ 1937ರ ಚುನಾವಣೆಯಲ್ಲಿ ಇದೇ ಬಾಳೂ ಬಾಬಾಸಾಹೇಬರ ಎದುರು ನಿಂತು ಸೋತರು. ಅದು ಬೇರೆಯೇ ನೋವಿನ ಕಥೆ.)

ಬಟ್ಟೆಯ ವಿಷಯ. ಗಾಲ್ಫಿನ ನಿಯಮ ಪುಸ್ತಕದಲ್ಲಿ ಇಂಥ ಬಟ್ಟೆ ಹಾಕು ಅಂತ ಇಲ್ಲ. ಅದು ಕ್ಲಬ್ಬಿನದು. ಕಾಲರ್ ಇರುವ ಅಂಗಿ, ಜೀನ್ಸ್ ಬೇಡ, ಶೂ ಬೇಕೇ ಬೇಕು. ಮೇಲ್ಕೇರಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರ ಮರಿಮಗನಿಗೆ ಇಲ್ಲಿ ಶೂ ಇಲ್ಲದಿದ್ದರೆ ಪ್ರವೇಶ ಇಲ್ಲ! ಮುಂಬಯಿಯ ವಿಲ್ಲಿಂಗ್ಡನ್ ಕ್ಲಬ್ಬು, ಅಲ್ಲೂ ಗಾಲ್ಫ್ ಮೈದಾನ ಇದೆ, 1988ರಲ್ಲಿ ಚಿತ್ರಕಾರ ಎಂ.ಎಫ್. ಹುಸೇನರನ್ನು ಬರಿಗಾಲಲ್ಲಿ ಬಂದರು ಅಂತ ವಾಪಸು ಕಳಿಸಿತು. ತಮಾಷೆ ಏನೆಂದರೆ ಇಂಡಿಯನ್ನರನ್ನು ಬಿಡದ ಬಿಳಿಯರ ಕ್ಲಬ್ಬುಗಳಿಗೆ ಎದುರಾಗಿ ಹುಟ್ಟಿದ ಕ್ಲಬ್ಬದು. 2014ರಲ್ಲಿ ಚೆನ್ನೈಯ ಕ್ರಿಕೆಟ್ ಸಂಸ್ಥೆಯ ಕ್ಲಬ್ಬು ಪಂಚೆ ಉಟ್ಟ ಹೈಕೋರ್ಟ್ ನ್ಯಾಯಾಧೀಶರನ್ನೇ ತಡೆಯಿತು. ತಮಿಳುನಾಡು ಸರ್ಕಾರ ಅದೇ ವರ್ಷ ಕಾನೂನು ತಂದು ಇಂಥ ತಡೆಯನ್ನು ಅಪರಾಧ ಮಾಡಿತು. ನ್ಯಾಯಾಧೀಶರಿಗೆ ಅವಮಾನ ಆದಾಗ ಕಾನೂನು ಎಷ್ಟು ಬೇಗ ಬರುತ್ತದೆ ನೋಡಿ. 2017ರಲ್ಲಿ ದಿಲ್ಲಿಯ ಗಾಲ್ಫ್ ಕ್ಲಬ್ಬಿಗೆ ಊಟಕ್ಕೆ ಅತಿಥಿಯಾಗಿ ಹೋಗಿದ್ದ ಖಾಸಿ ಬುಡಕಟ್ಟಿನ ಹೆಣ್ಣುಮಗಳನ್ನು, ತನ್ನ ಜನರ ಉಡುಪು ಉಟ್ಟಿದ್ದಕ್ಕೆ, ಕೆಲಸದಾಳಿನ ಹಾಗೆ ಕಾಣ್ತೀಯ ಅಂತ ಮೇಜಿನಿಂದ ಎಬ್ಬಿಸಿದರು. ನಮ್ಮ ಮಾಗಡಿ ರಸ್ತೆಯ ಮಾಲಿನಲ್ಲಿ 2024ರ ಜುಲೈನಲ್ಲಿ ಪಂಚೆಯ ರೈತರೊಬ್ಬರನ್ನು ತಡೆದದ್ದು ಎಲ್ಲರಿಗೂ ನೆನಪಿದೆ. ಸರ್ಕಾರ ಏಳು ದಿನ ಬಾಗಿಲು ಹಾಕಿಸಿತು.

ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಎಲ್ಲವನ್ನೂ ಹೆಸರಿಟ್ಟು ಹೇಳುತ್ತದೆ, ಜಾತಿಯ ಕಾರಣಕ್ಕೆ ತಡೆಯಬಾರದು ಅಂತ. ಖಾಸಗಿ ಕ್ಲಬ್ಬಿನ ಹೆಸರು ಅದರಲ್ಲಿ ಬಂದಿಲ್ಲ. ಜಾತಿ ಕೇಳುವ ಅಗತ್ಯವೂ ಅವರಿಗಿಲ್ಲ. ಶುಲ್ಕ ಇದೆ, ಇಬ್ಬರು ಮೆಂಬರುಗಳ ಶಿಫಾರಸು ಇದೆ, ವರ್ಷಗಟ್ಟಲೆ ಕಾಯುವ ಪಟ್ಟಿ ಇದೆ. ಇಷ್ಟು ಜರಡಿ ಹಿಡಿದ ಮೇಲೆ ಉಳಿಯುವವರು ಯಾರು ಅಂತ ನೋಡಿಕೊಂಡರಾಯಿತು.

ಆದರೂ ಈ ಜರಡಿಯ ಕಣ್ಣಿನಿಂದ ತೂರಿಬಂದವರಿದ್ದಾರೆ, ಅವರೆಲ್ಲ ಚೀಲದ ಕಡೆಯಿಂದ ಬಂದವರು. ದಿಲ್ಲಿಯ ಕ್ಯಾಡಿ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ವೃತ್ತಿಪರ ಆಟಗಾರ ಆದ, 1993ರಲ್ಲಿ ಮತ್ತೆ ಗೆದ್ದ. ಕಲ್ಕತ್ತದ ಹಳೆಯ ಕ್ಲಬ್ಬಿನಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದವರ ಮಗ ಎಸ್.ಎಸ್.ಪಿ. ಚೌರಾಸಿಯಾ ಅದನ್ನೇ 2016, 2017 ಎರಡೂ ವರ್ಷ ಗೆದ್ದ. ನಡುವೆ 2009ರಲ್ಲಿ ಗುರುಗಾಂವಿನಲ್ಲಿ ಗೆದ್ದವನು ನಮ್ಮ ಬೆಂಗಳೂರಿನ ಸಿ. ಮುನಿಯಪ್ಪ. ಕ್ಯಾಡಿಯಾಗಿ ಶುರುಮಾಡಿದವನು, ಕೊರಿಯಾದವನ ಜೊತೆ ಸಮ ಬಂದು, ಪ್ಲೇಆಫಿನಲ್ಲಿ ಗೆದ್ದ. ಬಿಡದಿ ಹತ್ತಿರದ ಗಾಲ್ಫ್ ಮೈದಾನದ ಪಕ್ಕದ ಹಳ್ಳಿಯ ಹುಡುಗ ಚಿಕ್ಕರಂಗಪ್ಪನೂ ಹಾಗೇ ಮೇಲೆ ಬಂದವನು. ಇವರ ಜಾತಿ ಯಾವುದು ಅಂತ ಕೆದಕುವುದು ನನ್ನ ಕೆಲಸವಲ್ಲ. ಇವರೆಲ್ಲ ಕೋಲು ಹಿಡಿಯುವ ಮೊದಲು ಕೋಲು ಹೊತ್ತಿದ್ದರು, ಅಷ್ಟು ಸಾಕು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸಿನಲ್ಲಿ, 2021ರಲ್ಲಿ ನಡೆದದ್ದು, ನಾಲ್ಕನೆಯವಳಾದಳು. ಅವಳ ಚೀಲ ಹೊತ್ತಿದ್ದು ಅವಳ ತಾಯಿ. ಟೀವಿಯವರು ಅದನ್ನು ಎಷ್ಟು ಚೆಂದ ಅಂತ ತೋರಿಸಿದರು. ಚೆಂದವೇ. ಹೊರುವ ಕೆಲಸದಲ್ಲಿ ಕೀಳು ಇಲ್ಲ ಅಂತ ಅವತ್ತಾದರೂ ಒಪ್ಪಿಕೊಂಡರಲ್ಲ.

ಕೊನೆಯ ರಾತ್ರಿ ಚೀಟಿಯ ನಿಯಮ ಓದಿದೆವು. ಗಾಲ್ಫಿನಲ್ಲಿ ಸಾಮಾನ್ಯವಾಗಿ ಅಂಪೈರ್ ಜೊತೆಗೆ ಇರುವುದಿಲ್ಲ. ನಿನ್ನ ಲೆಕ್ಕವನ್ನು ಜೊತೆಯಲ್ಲಿ ಆಡುವ ಇನ್ನೊಬ್ಬ ಬರೆಯುತ್ತಾನೆ, ಅವನ ಹೆಸರು ಮಾರ್ಕರ್. ಅವನ ಲೆಕ್ಕ ನೀನೋ ಇನ್ನೊಬ್ಬನೋ ಬರೆಯಬೇಕು. ಮುಗಿದ ಮೇಲೆ ಕುಳಿ ಕುಳಿಯದೂ ತಾಳೆ ನೋಡಿ ಇಬ್ಬರೂ ರುಜು ಹಾಕಬೇಕು. ಒಂದು ಕುಳಿಯಲ್ಲಿ ನಿಜಕ್ಕಿಂತ ಕಡಿಮೆ ಬರೆದು ರುಜು ಹಾಕಿದರೆ ಹೊರಗೆ. ಹೆಚ್ಚು ಬರೆದಿದ್ದರೆ ಆ ಹೆಚ್ಚೇ ನಿನ್ನ ಲೆಕ್ಕ. 1968ರಲ್ಲಿ ಅಮೆರಿಕದ ಮಾಸ್ಟರ್ಸ್ ಸ್ಪರ್ಧೆಯಲ್ಲಿ ಅರ್ಜೆಂಟೀನಾದ ದೆ ವಿಸೆಂಜೊ ಹದಿನೇಳನೆಯ ಕುಳಿಯನ್ನು ಮೂರು ಹೊಡೆತಕ್ಕೆ ಮುಗಿಸಿದ್ದ. ಮಾರ್ಕರ್ ನಾಲ್ಕು ಅಂತ ಬರೆದ. ಇವನು ನೋಡದೆ ರುಜು ಹಾಕಿದ. ಸಮ ಆಗಬೇಕಿದ್ದವನು ಒಂದು ಹೊಡೆತದಲ್ಲಿ ಸೋತ. ಲಕ್ಷಾಂತರ ಜನ ಟೀವಿಯಲ್ಲಿ ಮೂರೇ ನೋಡಿದ್ದರು, ಚೀಟಿಯಲ್ಲಿ ನಾಲ್ಕಿತ್ತು, ಚೀಟಿಯೇ ಗೆದ್ದಿತು. ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ ಮನೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ‘ಓದದೆ ಹಾಕ್ಬೇಡ, ಅಷ್ಟೇ’ ಅಂದ ಅಣ್ಣ ಮಗನಿಗೆ.

ನಿನ್ನ ತಪ್ಪನ್ನು ನೀನೇ ಹೇಳಬೇಕು ಎಂಬುದು ಈ ಆಟದ ಬೇರು. ಪೊದೆಯ ಹಿಂದೆ ಚೆಂಡು ಅಲುಗಿದ್ದು ನೀನೊಬ್ಬನೇ ಕಂಡಿದ್ದರೂ ದಂಡ ನೀನೇ ಹಾಕಿಕೊಳ್ಳಬೇಕು. 1925ರ ಅಮೆರಿಕ ಓಪನ್ನಿನಲ್ಲಿ ಬಾಬಿ ಜೋನ್ಸ್ ಹಾಗೆ ಹೇಳಿಕೊಂಡು ಕೊನೆಗೆ ಪ್ಲೇಆಫಿನಲ್ಲಿ ಸೋತ. ಅಂದರೆ ಇಡೀ ಆಟ ನಿಂತಿರುವುದು ಆಟಗಾರನ ಮಾತಿನ ಮೇಲೆ. ನಮ್ಮ ಹುಡುಗನ ಮಾತನ್ನು ಪಂಚಾಯ್ತಿ ಕಟ್ಟೆ, ಬಸ್ಸಿನ ಕಂಡಕ್ಟರು, ಅಂಗಡಿಯ ಕಾವಲುಗಾರ, ಯಾರೂ ಒಂದೇ ಸಲಕ್ಕೆ ನಂಬಿದ್ದಿಲ್ಲ. ಅಲ್ಲಿ ಮಾರ್ಕರ್ ಅವನನ್ನು ಕೇಳುತ್ತಾನೆ, ಎಷ್ಟಾಯ್ತು? ಅವನು ಐದು ಅಂದರೆ ಇವನು ಐದು ಬರೆದುಕೊಳ್ಳಬೇಕು. ಆ ಮೆಂಬರ್ ಸಾಹೇಬರ ಲೆಕ್ಕವನ್ನೂ ಹುಡುಗ ಬರೆಯಬೇಕು. ಆರು ಹೊಡೆದು ಐದು ಅಂದರೆ, ಇಲ್ಲ ಸಾರ್ ಆರು, ಅನ್ನಬೇಕು. ಅದನ್ನು ಹೇಳೋಕೆ ಬಾಯಿ ಬರುತ್ತಾ ಅಂತ ಕೇಳಿದೆ. ‘ಬರೆದಿದೆಯಲ್ಲ ಚಿಕ್ಕಪ್ಪ’ ಅಂದ.

ಬರುವ ಭಾನುವಾರ ಬೆಳಿಗ್ಗೆ 7-10ಕ್ಕೆ ಅವನ ಸರದಿ. ಚೀಲ ಹೊರುವುದು ಅಣ್ಣ. ಅಪ್ಪ ಏನಾದರೂ ತಪ್ಪು ಮಾಡಿದರೆ ದಂಡ ಮಗನಿಗೆ ಅಂತ ಮತ್ತೊಮ್ಮೆ ಓದಿಸಿಕೊಂಡರು. ಶೂ ಆರ್.ಟಿ. ನಗರದಲ್ಲಿ ಒಬ್ಬರ ಹತ್ತಿರ ಎರವಲು ಸಿಕ್ಕಿದೆ, ಒಂದು ಸೈಜು ದೊಡ್ಡದು, ಮುಂದೆ ಹತ್ತಿ ತುಂಬಿದ್ದಾರೆ. ಸ್ಪರ್ಧೆ ಮುಗಿದ ಮೇಲೆ ಆಡಿದವರಿಗೆಲ್ಲ ಕ್ಲಬ್ಬಿನ ಒಳಗೆ ಊಟ. ಕ್ಯಾಡಿಗಳಿಗೆ ಹಿಂದುಗಡೆ ಶೆಡ್ಡಿನಲ್ಲಿ ಪೊಟ್ಟಣ. ಹುಡುಗ ಇನ್ನೂ ಕಾರ್ಡಿನ ನಿಯಮವನ್ನೇ ಬಾಯಿಪಾಠ ಮಾಡುತ್ತಿದ್ದಾನೆ. ಎಲ್ಲಿ ಉಣ್ಣುತ್ತೀಯ ಅಂತ ಯಾರೂ ಅವನನ್ನು ಕೇಳಿಲ್ಲ.